ಬಿಚ್ಚಲು ಮರೆತ ಫೀಡ್

ನಾನು ಫೀಡ್ ಜೋಡಿಸಿದ ವೆಬ್‌ಸೈಟ್ ಓದಲು ಒಮ್ಮೆ ಚಂದ್ರನೇ ಇಳಿದು ಬಂದು ನನ್ನ ಅಂಗಡಿಯ ಮುಂದೆ ಸರದಿಯಲ್ಲಿ ನಿಂತಿದ್ದ. ಮನಸ್ಸಿನ ಮಾತು ಫೀಡ್ ಮೂಲಕ ತಾನಾಗಿ ವೆಬ್‌ಸೈಟ್ ಪುಟಕ್ಕೆ ಹರಿಯುವ ಕಾಲವಿದು. ದಾವಣಗೆರೆಯ ವ್ಯಾಪಾರಿಗಳೆಲ್ಲ ತಮ್ಮ ಮನಸ್ಸನ್ನು ತೋರಿಸಿಯೇ ಗಿರಾಕಿ ಹಿಡಿಯುತ್ತಾರೆ. ಕೆಟ್ಟ ಯೋಚನೆ ಸೋಸಿ ಒಳ್ಳೆಯದನ್ನಷ್ಟೇ ಬಿಡುವುದು ನನ್ನ ಕಸುಬು.

ಅಡುಗೆ ಕಂಟ್ರಾಕ್ಟರ್ ಗುರುಪಾದಪ್ಪನ ಮೇಲೆ ನನಗೆ ಹಗೆ. ಮದುವೆಮನೆಯಲ್ಲಿ ಸಾವಿರ ಜನರೆದುರು ನನ್ನನ್ನು ಪಂಕ್ತಿಯಿಂದ ಎಬ್ಬಿಸಿದ್ದ. ಅವನೇ ಫೀಡ್ ಬೇಕೆಂದು ಬಂದಾಗ ಸೋಸುವುದನ್ನು ಪೂರ್ತಿ ನಿಲ್ಲಿಸಿ ಜೋಡಿಸಿದೆ. ಅವನೊಳಗಿನ ಕೊಳಕೆಲ್ಲ ಜನ ಓದಿ ಒಂದು ಮದುವೆಯ ಅಡುಗೆಯೂ ಅವನಿಗೆ ಸಿಗದಿರಲಿ ಎಂದು.

ಮರುದಿನ ಬೆಳಿಗ್ಗೆಯೇ ಫೋನ್ ಹಿಡಿದು ಬಂದ.

"ತಿಪ್ಪೇಶಿ, ಓದ್ತೀನಿ ಕೇಳಪ್ಪ. 'ಗುರುಪಾದಪ್ಪ ಹಾಳಾಗಲಿ, ಅವನ ಸಾರು ನಾಯಿಯೂ ಮೂಸುವುದಿಲ್ಲ.' ನನ್ನ ಸಾರಿಗೆ ನಾನೇ ಹಿಂಗ್ ಅಂತೀನಾ?"

ಜೋಡಣೆ ಸರಿಯಿದೆಯೇ ಎಂದು ಮೊದಲು ಗಿರಾಕಿಯ ಪುಟಕ್ಕೆ ನಮ್ಮ ಮನಸ್ಸನ್ನೇ ಹಚ್ಚಿ ನೋಡುವುದು ನಮ್ಮ ಕಸುಬಿನ ರೂಢಿ. ಹಚ್ಚಿದ್ದೆ, ಬಿಚ್ಚಲು ಮರೆತಿದ್ದೆ.

"ಸಾವಿರ ಜನದ ಮುಂದೆ ಎಬ್ಬಿಸಿದ್ರಲ್ಲ, ಅದುಕ್ಕೆ" ಎಂದೆ.

ಪುಟದಲ್ಲಿ ಆಗಲೇ ಹೊಸ ಸಾಲು ಮೂಡಿತ್ತು. ಅವನು ನಿಧಾನವಾಗಿ ಓದಿದ. "'ಇದ್ದದ್ದು ಹನ್ನೆರಡು ಜನ. ಹೋಳಿಗೆ ಜೇಬಿಗೆ ಇಳಿಸುವಾಗ ಸಿಕ್ಕಿಬಿದ್ದೆ.' ಊರೆಲ್ಲಾ ಓದ್ತಾ ಐತೆ ನೋಡು. ಎಷ್ಟಿಳಿಸಿದ್ದಪ್ಪ?"

ಇನ್ನು ಸುಳ್ಳು ಹೇಳಿ ಫಲವಿರಲಿಲ್ಲ.

"ನಾಲ್ಕು, ಅಣ್ಣಾ. ಸಾರೂ ಚೆನ್ನಾಗಿತ್ತು."

ಚಂದ್ರ ಬಂದಿದ್ದೂ ಸುಳ್ಳು.