ಅಳಿಸುವ ಮುನ್ನ

"ಅಯ್ಯೋ, ನನ್ನ ಥೀಸಿಸ್ಸು!"

ರುದ್ರಪ್ರಸಾದನಿಗೆ ಅದು ನೆನಪಾದದ್ದು ಎಂಟರ್ ಒತ್ತಿದ ಮೇಲೆ. ಅವನ ಲ್ಯಾಪ್‌ಟಾಪಿನ ಕೀಲಿಗಳು ಕೆಟ್ಟಿದ್ದರಿಂದ ಹೇಮಶ್ರೀ ತನ್ನ ಚನ್ನಪಟ್ಟಣದ ರಿಪೇರಿ ಅಂಗಡಿಯ ಕೀಬೋರ್ಡನ್ನೇ ಸಿಕ್ಕಿಸಿದ್ದಳು. "ಫಾರ್ಮ್ಯಾಟ್ ಮಾಡಿದ್ರೆ ಎಲ್ಲಾ ಅಳಿಸೋಯ್ತದೆ, ಒತ್ಲಾ ಸಾರ್?" ಎಂದಿದ್ದಳು. "ನಂಗೊತ್ತಿಲ್ವೇನಮ್ಮ?" ಎಂದು ತಾನೇ ಒತ್ತಿದ್ದ.

ಹೋದ ವರ್ಷ ಅವಳ ಮನೆಗೆ ಹೆಣ್ಣು ನೋಡಲು ಬಂದು, ಎರಡು ತಟ್ಟೆ ಉಪ್ಪಿಟ್ಟು ತಿಂದು, "ಸ್ಕ್ರೂಡ್ರೈವರ್ ಹಿಡಿಯೋಳು ಮುದ್ದೆ ತಿರುವ್ತಾಳಾ?" ಎಂದು ನಗಿಸಿ ಹೋದವನೂ ಇವನೇ.

"ನಾಳೆ ಕಡೇ ದಿನ ಮೇಡಂ, ಒಸಿ ನಿಲ್ಸಿ!"

"ಅರ್ಧದಲ್ಲಿ ನಿಲ್ಸಿದ್ರೆ ಮಿಷನ್ನೇ ಸತ್ತೋಯ್ತದೆ ಸಾರ್."

ಎಲ್ಲರ ಫೈಲುಗಳಂತೆ ಅವನ ಥೀಸಿಸ್ಸನ್ನೂ ಅವಳು ಮೊದಲೇ ಪೆನ್‌ಡ್ರೈವಿಗೆ ಇಳಿಸಿಕೊಂಡಿದ್ದಳು. ಅದು ಅವಳ ಮುಷ್ಟಿಯಲ್ಲಿತ್ತು. ಪರದೆಯ ಮೇಲೆ ಹತ್ತು ಪರ್ಸೆಂಟ್. ಹೇಮಶ್ರೀ ಸ್ಟೂಲ್ ಎಳೆದುಕೊಂಡು, ಅವನ ಮುಖ ಚೆನ್ನಾಗಿ ಕಾಣುವ ಹಾಗೆ ಕೂತಳು.