ಅಂಬುಜಾಕ್ಷಿಯ ವಿದೇಶ ಪ್ರವಾಸ

ತಂಗಿಯನ್ನು ನೋಡಲು ವಿದೇಶಕ್ಕೆ ಹೋಗಿದ್ದ ಅಂಬುಜಾಕ್ಷಿಯನ್ನು, ಊರಿಗೆ ಹೊರಟ ದಿನ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಒಂದು ಕೋಣೆಗೆ ಕರೆದೊಯ್ದರು. ಅಧಿಕಾರಿಯೊಬ್ಬ ಮೇಜಿನ ಮೇಲೆ ಬಿಳಿ ಪುಡಿಯ ಪೊಟ್ಟಣ ಇಟ್ಟ.

"ನಿಮ್ಮ ಚೀಲದಲ್ಲಿ ಸಿಕ್ಕಿದ್ದು. ಇನ್ನು ಜೈಲೇ ಗತಿ."

"ಅಯ್ಯೋ, ಅದು ನನ್ನದಲ್ಲಪ್ಪಾ!"

"ಗೊತ್ತು. ನಿಮ್ಮ ಗಂಡ ಕ್ಷಿಪಣಿ ಕಾರ್ಖಾನೆಯ ಎಂಜಿನಿಯರ್ ಅನ್ನೋದೂ ಗೊತ್ತು. ಅವರು ಮನೆಯಲ್ಲಿ ಆಡೋ ಮಾತನ್ನ ನಮಗೆ ತಿಳಿಸ್ತಾ ಇರಿ, ಸಾಕು."

ಜೈಲಿನ ಹೆದರಿಕೆಗೆ ಅವಳು ಒಪ್ಪಿಕೊಂಡಳು.

ಊರಿಗೆ ಬಂದಮೇಲೆ ಗಂಡನ ಎದುರು ಕೂತು ಉಣ್ಣುವುದೂ ಕಷ್ಟವಾಯಿತು. ಅವನು ಕಾರ್ಖಾನೆಯ ಸುದ್ದಿ ಎತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಕಡೆಗೆ ಧೈರ್ಯ ಮಾಡಿ ನಮ್ಮ ಸರ್ಕಾರದ ಗುಪ್ತಚರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಹಿರಿಯ ಅಧಿಕಾರಿ ಕಾಫಿ ತರಿಸಿಕೊಟ್ಟರು.

"ಒಳ್ಳೇ ಕೆಲಸ ಮಾಡಿದ್ರಿ ತಾಯಿ. ಹೆದರಬೇಡಿ, ನಾವಿದೀವಿ."

ಎಷ್ಟೋ ದಿನಗಳ ಮೇಲೆ ಅವಳ ಉಸಿರು ಸರಾಗವಾಯಿತು. ಕಣ್ಣೊರೆಸಿಕೊಂಡು ಕೇಳಿದಳು:

"ಹಾಗಾದ್ರೆ ಅವರ ಕಾಟ ತಪ್ಪಿತಲ್ವಾ ಸಾರ್?"

"ಎಲ್ಲಿ ತಪ್ಪುತ್ತೆ ತಾಯಿ? ಮುಂದಿನ ತಿಂಗಳು ಮತ್ತೆ ತಂಗಿ ಮನೆಗೆ ಹೊರಡಿ. ಅವರಿಗೆ ಏನು ಹೇಳ್ಬೇಕು ಅಂತ ನಾವು ಹೇಳ್ಕೊಡ್ತೀವಿ."