ಕಾಗದ ಬರೆದ ಕೈ

ಮಗಳು ತೀರಿಕೊಂಡ ಸುದ್ದಿ ಆಸ್ಪತ್ರೆಯಿಂದ ಅಜ್ಜಿಗೆ ಬೆಳಿಗ್ಗೆ ಬಂತು. ಮಧ್ಯಾಹ್ನ ಮಕ್ಕಳ ರಕ್ಷಣಾ ಕಚೇರಿಯ ನೋಟೀಸು ಬಂತು. ದೇಹ ಇನ್ನೂ ಮನೆ ಸೇರಿರಲಿಲ್ಲ.

ನೋಟೀಸನ್ನು ಓದಿದವಳು ಒಂಬತ್ತು ವರ್ಷದ ಮೊಮ್ಮಗಳು. ಕೂತಲ್ಲಿ ಕೂರದವಳೆಂದು ಅವಳಮ್ಮ ಇಟ್ಟ ಹೆಸರು ಬುಗುರಿ. ಅತ್ತು ಅತ್ತು ಒಡೆದ ದನಿಯಲ್ಲಿ ಓದಿದಳು. ಅಜ್ಜಿಗೆ ಕಣ್ಣು ಕಾಣುವುದಿಲ್ಲ, ಒಲೆ ಹಚ್ಚುವುದು ಮಗು, ಹೀಗೆಂದು ಒಬ್ಬರು ಕಾಗದ ಬರೆದಿದ್ದಾರೆ. ವಿಚಾರಣೆಗೆ ಬರುತ್ತೇವೆ, ಆಮೇಲೆ ಸಭೆ ನಡೆಯುತ್ತದೆ.

"ನನ್ನನ್ನ ಕರ್ಕೊಂಡು ಹೋಗ್ತಾರಾ ಅಜ್ಜಿ?"

"ನನ್ನ ಕೈಯಿಂದ ಬಿಡಿಸ್ಕೊಂಡು ಹೋಗೋರು ಯಾರು ನೋಡೇಬಿಡ್ತೀನಿ."

ಮಾತು ಗಟ್ಟಿಯಾಗಿತ್ತು. ಕೈ ತಡಕಾಡಿ ಮೊಮ್ಮಗಳ ರಟ್ಟೆ ಹಿಡಿದುಕೊಂಡಿತು.

ಕಣ್ಣಿನ ವಿಷಯವನ್ನು ಅಜ್ಜಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದ ಮಗಳನ್ನಂತೂ, "ಹೊಸ ಕನ್ನಡಕ ಕಣೇ, ಗೋಡೆ ಮೇಲಿನ ಸೊಳ್ಳೆ ಗಂಡೋ ಹೆಣ್ಣೋ ಹೇಳ್ತೀನಿ," ಎಂದು ನಗಿಸಿ ಬರುತ್ತಿದ್ದಳು. ಗೊತ್ತಿದ್ದುದು ಬುಗುರಿಗೆ, ಮತ್ತು ಕೆಳಗಿನ ಮನೆಯ ದರ್ಜಿ ಹೆಂಗಸಿಗೆ. ಅಜ್ಜಿ ಅವಳಿಗೆ ಅಂಗಿಯ ಗುಂಡಿ ಹೊಲಿದುಕೊಡುತ್ತಿದ್ದಳು. ದಿನಾ ಹತ್ತು ಸೂಜಿಗೆ ದಾರ ಪೋಣಿಸಿ ಕೊಡುತ್ತ ದರ್ಜಿ, "ಅಜ್ಜಿ, ಕಣ್ಣು ತೋರಿಸ್ಕೊಳ್ಳಿ. ಮೊನ್ನೆ ಕಾಲರಿನ ಗುಂಡಿ ಬೆನ್ನಿಗೆ ಹೋಗಿತ್ತು," ಎನ್ನುತ್ತಿದ್ದಳು.

ಇನ್ನು ಅನುಮಾನವೆಲ್ಲಿ? ದುಃಖ ವಿಚಾರಿಸಲು ಬಂದ ದರ್ಜಿಯ ಮುಖದ ಮೇಲೆ ಅಜ್ಜಿ ಬಾಗಿಲು ಹಾಕಿದಳು.

ಅಂದಿನಿಂದ ಅವಳ ಬೆಳಗಿನ ಪ್ರಾರ್ಥನೆ ಎರಡಾಯಿತು. ಕೈಮುಗಿದು ಮೊದಲು, "ದೇವರೇ, ನನ್ನ ಮಗಳ ಆತ್ಮಕ್ಕೆ ಶಾಂತಿ ಕೊಡು." ಅದೇ ಉಸಿರಿನಲ್ಲಿ, "ಆ ಕಾಗದ ಬರೆದ ಕೈಗೆ ಇಹದಲ್ಲೂ ನೆಮ್ಮದಿ ಬೇಡ, ಪರದಲ್ಲೂ ಬೇಡ."

ಮೂರನೆಯ ದಿನ ವಿಚಾರಣೆಯ ಅಧಿಕಾರಿ ಬರುವುದಿತ್ತು. ಅಜ್ಜಿ ಬೆಳಗಿನಿಂದ ಮೊಮ್ಮಗಳಿಗೆ ಪಾಠ ಹೇಳಿದಳು. "ಕೇಳಿದ್ರೆ, ನಮ್ಮಜ್ಜಿ ದಿನಾ ಪೇಪರ್ ಓದ್ತಾಳೆ ಅನ್ನು."

"ಸುಳ್ಳು ಹೇಳಬಾರದು ಅಂತ ನೀನೇ ಹೇಳಿದ್ದಲ್ವಾ?"

"ದೇವರ ಹತ್ರ ನಾನು ಮಾತಾಡ್ಕೋತೀನಿ, ನೀನು ಅನ್ನು."

ಅಧಿಕಾರಿ ಚಿಕ್ಕ ಪ್ರಾಯದ ಹೆಂಗಸು. ಬುಗುರಿಯ ಜೊತೆ ನೆಲದ ಮೇಲೆಯೇ ಕೂತು ಹಾಳೆಯಲ್ಲಿ ಚಿತ್ರ ಬರೆದಳು. ಅಜ್ಜಿ ಅಡುಗೆಮನೆಯಲ್ಲಿ ಸದ್ದಿನ ಅಂದಾಜಿನ ಮೇಲೆ ಲೋಟಕ್ಕೆ ಚಹಾ ಸುರಿಯುತ್ತ ಕಿವಿ ಇತ್ತ ಇಟ್ಟಿದ್ದಳು.

"ಇದು ಸಭೆ ನಡೆಯೋ ಮೇಜು. ಇಲ್ಲಿ ನಿನ್ನ ಟೀಚರ್, ಇಲ್ಲಿ ನರ್ಸ್, ಇಲ್ಲಿ ಅಧ್ಯಕ್ಷರು. ಈ ಕುರ್ಚಿ ನಿನ್ನದು. ಬರೋಕೆ ಇಷ್ಟ ಇಲ್ಲದಿದ್ರೆ ಹೇಳೋದನ್ನ ಬರೆದುಕೊಡು, ನಾನು ಓದ್ತೀನಿ."

"ತಪ್ಪು ಮಾಡಿರೋದು ಯಾರು? ನಾನಾ, ಅಜ್ಜಿನಾ?"

"ಇದು ಶಿಕ್ಷೆ ಕೊಡೋ ಸಭೆ ಅಲ್ಲ ಮರಿ. ನಿನಗೇನು ಬೇಕು, ನಿನ್ನನ್ನ ಹೇಗೆ ನೋಡ್ಕೋಬೇಕು, ಅಷ್ಟೇ."

"ಅಜ್ಜಿ ಹತ್ರಾನೇ ಬಿಡ್ತೀರಾ?"

ಅಡುಗೆಮನೆಯಲ್ಲಿ ಚಹಾ ಲೋಟ ತುಂಬಿ ಹೊರಚೆಲ್ಲಿತು.

"ನನಗಿನ್ನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೂಂ ಅನ್ನಲ್ಲ. ಆದ್ರೆ ಏನು ತೀರ್ಮಾನ ಆದ್ರೂ ಮೊದಲು ನಿನಗೇ ಹೇಳ್ತೀನಿ."

"ಕಾಗದ ಬರೆದಿದ್ದು ಯಾರು?"

"ಸಭೆ ಮುಗಿಯೋವರೆಗೂ ಹೇಳಬೇಡಿ ಅಂತ ಬರೆದವರೇ ಕೇಳ್ಕೊಂಡಿದ್ದಾರೆ."

"ಮರೆಯಲ್ಲಿ ನಿಂತು ಕಲ್ಲು ಹೊಡೆಯೋ ಜನ!" ಎಂದು ಒಳಗಿನಿಂದ ಅಜ್ಜಿ ಸಿಡಿದಳು.

ಮುಂದಿನ ಆರು ದಿನ ಅವಳು ನಿಂತಲ್ಲಿ ನಿಲ್ಲಲಿಲ್ಲ. ಒಲೆಯಿಂದ ಬಾಗಿಲಿಗೆ ಹೆಜ್ಜೆ ಎಣಿಸಿದಳು. ಗಡಿಯಾರದ ಸದ್ದು ಕೇಳಿ ಗಂಟೆ ಹೇಳುವುದನ್ನು ಅಭ್ಯಾಸ ಮಾಡಿದಳು. ಬುಗುರಿಯಿಂದ ಪತ್ರಿಕೆ ಓದಿಸಿ ಮೊದಲ ಪುಟವನ್ನು ಬಾಯಿಪಾಠ ಮಾಡಿದಳು.

ಒಂಬತ್ತನೆಯ ದಿನ ಸಭೆ. ಅಧ್ಯಕ್ಷರು ಅಜ್ಜಿಗೆ ಏನನ್ನೂ ಓದಲು ಕೊಡಲಿಲ್ಲ. ಮೊದಲು ಮಗುವನ್ನು ಕೇಳಿದರು.

ಬುಗುರಿ ಅಜ್ಜಿಯ ಸೆರಗು ಹಿಡಿದೇ ಎದ್ದುನಿಂತಳು. "ಅಜ್ಜಿಗೆ ಕಣ್ಣು ಕಾಣಲ್ಲ. ಒಲೆ ನಾನೇ ಹಚ್ಚೋದು. ಆದ್ರೆ ಜ್ವರ ಬಂದಾಗ ನಾನು ನರಳೋ ಮೊದಲೇ ಅವಳಿಗೆ ಗೊತ್ತಾಗತ್ತೆ. ನನ್ನನ್ನ ಎಲ್ಲಿಗೂ ಕಳಿಸಬೇಡಿ, ಅವಳ ಕಣ್ಣು ಸರಿ ಮಾಡಿಸಿ."

ಅಜ್ಜಿ ತಲೆ ತಗ್ಗಿಸಿದಳು. ಎಲ್ಲ ಮುಗಿಯಿತೆಂದುಕೊಂಡಳು.

ಅವರನ್ನು ಹೊರಗೆ ಕೂರಿಸಿದರು. ಅರ್ಧ ಗಂಟೆಯ ನಂತರ ಅಧಿಕಾರಿ ಬಂದು, ಕೊಟ್ಟ ಮಾತಿನಂತೆ ಬುಗುರಿಯ ಮುಂದೆ ಮಂಡಿಯೂರಿ ಹೇಳಿದಳು: "ನೀನು ಅಜ್ಜಿ ಹತ್ರಾನೇ ಇರ್ತೀಯ. ಅಡುಗೆಗೆ ಎರಡು ಹೊತ್ತೂ ಒಬ್ಬರು ಬರ್ತಾರೆ. ಮುಂದಿನ ವಾರ ಅಜ್ಜಿಗೆ ಕಣ್ಣಿನ ಆಪರೇಷನ್."

ಅಜ್ಜಿ ಗೋಡೆ ಹಿಡಿದು ನಿಂತಳು. ಉಸಿರು ತಿರುಗಿದ ಕೂಡಲೇ ಕೇಳಿದಳು, "ಈಗಲಾದ್ರೂ ಹೇಳಿ, ಯಾರು ಬರೆದಿದ್ದು?"

ಅಧಿಕಾರಿ ಬುಗುರಿಯ ಕೈಗೆ ಒಂದು ಕಾಗದ ಕೊಟ್ಟಳು.

"ಜೋರಾಗಿ ಓದೇ. ಆ ದರ್ಜಿ ಏನೇನು ಪೋಣಿಸಿದ್ದಾಳೋ ಕೇಳೋಣ."

ಬುಗುರಿ ಓದತೊಡಗಿದಳು. "'ನಿನ್ನೆ ಆಸ್ಪತ್ರೆಗೆ ಬಂದಾಗ ನನ್ನ ಅಮ್ಮ ಪಕ್ಕದ ಹಾಸಿಗೆಯವಳ ತಲೆ ಸವರಿ, ಹೇಗಿದ್ದೀಯ ಮಗಳೇ ಎಂದಳು. ನಾನು ಈಚೆಯಿಂದ ಕೆಮ್ಮಿ ಕರೆದೆ, ಗಮನಿಸದವಳ ಹಾಗೆ ಇದ್ದೆ. ನನ್ನ ಹೆಸರು ಹೇಳಿದರೆ ನನ್ನ ಸಮಾಧಾನಕ್ಕೆಂದು ಎಲ್ಲ ಸರಿಯಿದೆ ಎಂದೇ ಸಾಧಿಸುತ್ತಾಳೆ. ನನಗೆ ಹೆಚ್ಚು ದಿನವಿಲ್ಲ. ಬೇಗ ಹೋಗಿ ವಿಚಾರಿಸಿ. ನನ್ನ ಬುಗುರಿಯನ್ನು ಅವಳಿಂದ ಬಿಡಿಸಬೇಡಿ...'"

ಅಜ್ಜಿ ಅಲ್ಲೇ, ಅಷ್ಟು ಜನರೆದುರು, ಕೈಮುಗಿದಳು. "ದೇವರೇ, ಇಷ್ಟು ದಿನ ಎರಡನೇದಾಗಿ ಕೇಳಿದ್ದೊಂದನ್ನೂ ಕಿವಿಗೆ ಹಾಕ್ಕೋಬೇಡಪ್ಪ, ನನ್ನ ಮಗಳಿಗೆ ಶಾಂತಿ ಕೊಡು."